ಮಳೆಯಿಲ್ಲದ ದಿನ ಬಂದ ಹೊಸ ನೀರು

ಡ್ಯಾಮಿನ ನೀರು ನಮ್ಮೂರಿಗೆ ಬರೋದಿಲ್ಲ, ಈ ಮನಿ ಹುಡುಗಿ ಡಿಗ್ರಿ ಪಾಸಾಗೋದಿಲ್ಲ, ಈ ಎರಡೂ ಎಂದೆಂದೂ ಆಗಂಗಿಲ್ಲ ಅಂದಾಕಿ ನಮ್ಮ ಅತ್ತಿ. ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳಕೊಂಡು ತಮ್ಮನ ಮನೆಗೆ ಬಂದವಳು. ಬಂದವಳು ಮೂಲೆಯಲ್ಲಿ ಕೂಡಲಿಲ್ಲ, ಒಲೆಯ ಮುಂದೆ ಕೂತಳು. ಅಂದಿನಿಂದ ಮನೆಯಲ್ಲಿ ಕೊನೆಯ ಮಾತು ಅವಳದೇ.

ನಾನು ಹತ್ತನೇ ಇಯತ್ತೆಯ ಪರೀಕ್ಷೆಗೆ ಕೂತಾಗಲೂ ಅತ್ತಿ ಆಗಂಗಿಲ್ಲ ಅಂದಳು. ಪಿಯುಸಿಗೂ ಅಂದಳು. ನಾನು ಒಂದು ಮೆಟ್ಟಿಲು ಹತ್ತಿದರೆ ಅವಳು ತನ್ನ "ಆಗಂಗಿಲ್ಲ"ವನ್ನು ಎತ್ತಿ ಮುಂದಿನ ಮೆಟ್ಟಿಲಿನ ಮೇಲೆ ಇಡುತ್ತಿದ್ದಳು. ಆದರೆ ಸೇಡಂ ಬಸ್ಸಿಗೆ ನಾನು ಹೊರಡುವಷ್ಟರಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಕಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದವಳೂ ಅವಳೇ. "ತಿಂದು ಫೇಲಾಗು. ಉಪಾಸ ಇದ್ದು ಫೇಲಾದ್ರ ಮಂದಿ ನಮ್ಮನ್ನ ಬೈತಾರ" ಅನ್ನುವಳು. ಅವ್ವ ನಗುವಳು. ಅವ್ವನ ನಗುವಿಗೆ ಸದ್ದಿರಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು.

ಅವ್ವ ಚಿತ್ತಾಪುರ ರಸ್ತೆಯ ಫರಸಿ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಲ್ಲು ಹೊರುತ್ತಿದ್ದಳು. ಸಂಜೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬಿಳಿ ಬೂದಿ. ಅಪ್ಪ ವಾಡಿಯಲ್ಲಿ ಸಿಮೆಂಟ್ ಚೀಲ ಲೋಡ್ ಮಾಡುವ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಇಬ್ಬರ ಮೈಮೇಲಿನ ಧೂಳಿನಿಂದ ನಾನು ಓದಿದ್ದು. ರಜೆಯಲ್ಲಿ ತೊಗರಿ ಹೊಲದಲ್ಲಿ ಕಳೆ ತೆಗೆದೆ. ಬಸ್ಸಿನಲ್ಲಿ ನಿಂತೇ ಪರೀಕ್ಷೆಗೆ ಓದಿದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಇಂದಿಗೂ ಇಲ್ಲ.

ನಮ್ಮದು ಹೊಳಿ ದಂಡಿಯ ಮಂದಿ. ಚಿಂಚೋಳಿ ಗುಡ್ಡದ ಕಡೆಯಿಂದ ಇಳಿದು ಕೆಳಗೆ ಕಾಗಿಣಾ ನದಿಗೆ ಕೂಡುವ ಹೊಳಿ. ಮುತ್ತಜ್ಜನ ಕಾಲದಲ್ಲಿ ನಮ್ಮವರು ಹರಿಗೋಲು ಹಾಕುತ್ತಿದ್ದರು. ಆಮೇಲೆ ಸೇತುವೆ ಬಂತು, ಹರಿಗೋಲು ಹೋಯಿತು. ಅದಾದ ಮೇಲೆ ಗುಡ್ಡದ ಬಾಯಲ್ಲಿ ಡ್ಯಾಮ್ ಬಂತು, ಹೊಳಿಯೇ ಹೋಯಿತು.

ಊರ ಕೆಳಗೆ ಇಳಿಜಾರಿನಲ್ಲಿ ಒಂದು ಕಲ್ಲಿದೆ. ಗಂಗವ್ವನ ಕಲ್ಲು ಅನ್ನುತ್ತೇವೆ. ಹಳೇ ಕಾಲದ ದೊಡ್ಡ ಹೊಳಿ ಅಲ್ಲಿ ತನಕ ಬರುತ್ತಿತ್ತಂತೆ. ಅದರ ಕೆಳಗೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಹಿರಿಯರು ಅಲ್ಲಿ ದನ ಸಹ ಕಟ್ಟಗೊಡುತ್ತಿರಲಿಲ್ಲ. ಡ್ಯಾಮ್ ಆದ ಮೇಲೆ ಕಲ್ಲಿಗೆ ಸುಣ್ಣ, ಕುಂಕುಮ ತಪ್ಪಲಿಲ್ಲ, ಅದರ ಮಾತು ಮಾತ್ರ ತಪ್ಪಿತು. ಮೊದಲು ಬಣವೆ ಕೆಳಗಿಳಿದವು, ಆಮೇಲೆ ದನದ ಕೊಟ್ಟಿಗೆ, ಆಮೇಲೆ ಮನೆ. ಹೊಳಿಯ ಹೊಟ್ಟೆಯೊಳಗೇ ಬದನಿ, ಸೌತಿ ಹಚ್ಚಿದೆವು. ಕಟ್ಟೆ ಕಟ್ಟಿದವರು ನೀರನ್ನು ಹಿಡಿದಿಟ್ಟರು. ನೀರು ಬರಬಹುದು ಅನ್ನುವ ನಮ್ಮ ನೆನಪೂ ಅದರ ಜೊತೆಗೇ ಕಟ್ಟೆಯ ಆಚೆ ಉಳಿಯಿತು.

ಡಿಗ್ರಿಯ ಎರಡನೇ ವರ್ಷ ಭೂಗೋಳದ ಸರ್ ನಮ್ಮನ್ನು ಆ ಡ್ಯಾಮ್ ನೋಡಲು ಕರಕೊಂಡು ಹೋದರು. ಚಂದಾಪುರದಲ್ಲಿ ಚಹಾ ಕುಡಿದು ಮುಂದೆ ಹೋದ ನೆನಪು. ಅಷ್ಟು ನೀರನ್ನು ನಾನು ಒಟ್ಟಿಗೆ ನೋಡಿದ್ದು ಅಂದೇ ಮೊದಲು. ಗೋಡೆಯ ಸಂದಿಯಲ್ಲಿ ಅರಳಿ ಗಿಡ ಹುಟ್ಟಿ ತೋಳಿನಷ್ಟು ದಪ್ಪ ಆಗಿತ್ತು. ಗೇಟು ಮುಚ್ಚಿದ್ದರೂ ಅಂಚಿನಿಂದ ನೀರು ಚಿಮ್ಮುತ್ತಿತ್ತು, ಸರಪಳಿಗೆ ತುಕ್ಕು.

"ಇದು ಒಡಿತದೇನ್ರಿ?" ಎಂದು ಕಾವಲುಗಾರನನ್ನು ಕೇಳಿದೆ.

"ಎದಕ್ಕ ಒಡಿತದ ತಂಗಿ? ಸಿಮೆಂಟ್ ನಮ್ಮ ಜಿಲ್ಲಾದ್ದೇ ಅದ" ಅಂದ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಡ್ಯಾಮ್ ಅಂದರೆ ಮಂದಿ ಒಡೆಯೋದನ್ನೇ ಕೇಳತಾರ, ಒಡೆಯದೆಯೂ ಕೊಲ್ಲತದ ಎಂದರು. ತಳದಲ್ಲಿ ವರ್ಷಾವರ್ಷ ಹೂಳು ಕೂಡುತ್ತದೆ. ಅರ್ಧ ಉಸುಕು ತುಂಬಿದ ತಂಬಿಗೆ ಎಷ್ಟು ನೀರು ಹಿಡಿದೀತು? ಗುಡ್ಡದ ಆಚೆ ಒಂದು ದೊಡ್ಡ ಮಳೆ ಹೊಡೆದರೆ ಸಾಕು, ಗೋಡೆ ಉಳಿಸಿಕೊಳ್ಳಲು ಗೇಟು ಎತ್ತಲೇಬೇಕು. ಎತ್ತಿದ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮೂರಿಗೆ. ಎದೆಯಲ್ಲಿ ಅಂದುಕೊಂಡೆ. "ಕೆಳಗಿನ ಊರವರಿಗೆ ಹ್ಯಾಂಗ ಗೊತ್ತಾಗ್ತದ?" ಎಂದು ಕೇಳಿದೆ. ಕಾವಲುಗಾರ ಗೇಟು ಎತ್ತುವಾಗ ಕೂಗುವ, ಕಂಬದ ಮೇಲಿನ ಭೋಂಗಾ ತೋರಿಸಿದ. ಆ ಭೋಂಗಾದ ದನಿ ಗುಡ್ಡ ದಾಟಿ ನಮ್ಮೂರಿಗೆ ಹೇಗೆ ಬರಬೇಕು? "ವಾಟ್ಸಾಪ್ ಗ್ರೂಪಿನ್ಯಾಗ ಮೆಸೇಜ್ ಹಾಕ್ತಾರಲ್ಲ" ಅಂದ.

ಅಂದು ರಾತ್ರಿ ಊಟದ ಹೊತ್ತಿಗೆ ಎಲ್ಲ ಹೇಳಿದೆ. ಬದನಿ ಹಚ್ಚೋದು ಬ್ಯಾಡ, ಕಲ್ಲಿನ ಕೆಳಗ ಇಳಿಯೋದು ಬ್ಯಾಡ ಎಂದೆ. ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹೊಳಿ ಸತ್ತು ಎಷ್ಟು ವರ್ಷ ಆತು! ಸತ್ತ ಎಮ್ಮಿ ಹಾಯ್ತದೇನು?"

"ಹಂಗ ಅನಬ್ಯಾಡಕ್ಕಾ, ಗಂಗವ್ವ ಅಕಿ" ಅಂದಳು ಅವ್ವ, ಗಲ್ಲ ಮುಟ್ಟಿಕೊಂಡು.

"ಆತಳವ್ವಾ, ಗಂಗವ್ವ. ಅಕಿ ಬರಂಗಿಲ್ಲ, ನಿನ್ನ ಮಗಳು ಪಾಸಾಗಂಗಿಲ್ಲ. ಎರಡೂ ಬರೆದಿಟ್ಟುಕೋ."

ಅವ್ವ ಆಗ ಅಂದ ಮಾತು ಇದು: "ಇಕಿ ಪಾಸಾದ್ರ, ಹೊಸ ನೀರು ಬಂದ ದಿನಾನೇ ಗಂಗವ್ವನ ಉಡಿ ತುಂಬ್ತೀನಿ."

ನಮ್ಮ ಕಡೆ ಹೊಸ ನೀರೆಂದರೆ ಬಸುರಿ ಹೆಣ್ಣುಮಗಳು ತವರಿಗೆ ಬಂದ ಹಾಗೆ. ಬರಿ ಉಡಿಯಲ್ಲಿ ಅವಳನ್ನು ಮುಂದೆ ಕಳಿಸಬಾರದು. ಮೊರದಲ್ಲಿ ಹಸಿರು ಬಳೆ, ಖಣ, ಅರಿಶಿಣಬೇರು, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟು ಮುತ್ತೈದೆಯೊಬ್ಬಳು ಹೊಳಿಗೆ ಇಳಿಯಬೇಕು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಮೊರ ತೇಲಿ ಬಿಡಬೇಕು. ಮೊರ ಕಣ್ಣಿಗೆ ಮರೆಯಾಗುವ ತನಕ ಗಂಗವ್ವನಿಗೆ ಬೆನ್ನು ತೋರಿಸಬಾರದು. ಇದು ನಮ್ಮ ಮನೆತನದ ಪದ್ಧತಿ. ಹರಿಗೋಲಿನ ಕಾಲದಿಂದ ಬಂದದ್ದು, ಹೊಳಿ ಮೆಲ್ಲಗೆ ಬಂದು ಮೆಲ್ಲಗೆ ಏರುತ್ತಿದ್ದ ಕಾಲದ್ದು.

ನಾನು ಪಾಸಾದೆ. ರಿಜಲ್ಟ್ ಫೋನಿನಲ್ಲಿ ಬಂತು. ಓಣಿಯಲ್ಲೇ ನಿಂತು ಕೂಗಿದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದಳು. ಅತ್ತಿ ಜಗ್ಗಲಿಲ್ಲ.

"ಫೋನು ಸುಳ್ಳು ಹೇಳ್ತದ. ಕಾಗದ ತಾ. ಸಿಕ್ಕಾ ಒತ್ತಿದ ಕಾಗದ. ಮುಟ್ಟಿ ನೋಡಿದ ಮ್ಯಾಲೆ ಒಪ್ಪತೀನಿ." ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸಿಕ್ಕಾದ ಮೇಲೆ, ಸರಕಾರದ ಆ ಮುದ್ರೆಯ ಮೇಲೆ ಮಾತ್ರ ಭಾಳ ನಂಬಿಕೆ.

ಆ ವರ್ಷ ಮಳೆ ಕೈಕೊಟ್ಟಿತು. ಮಳೆಗಾಲಕ್ಕೆ ಹೊಳಿಗೆ ಬರುವ ಎರಡು ದಿನದ ಸಣ್ಣ ನೀರೂ ಬರಲಿಲ್ಲ, ಶ್ರಾವಣ ಬಂದರೂ ಧೂಳು. ಅವ್ವ ಚಿಂಚೋಳಿ ಸಂತೆಯಿಂದ ತಂದ ಖಣ ಗೂಟಕ್ಕೆ ನೇತು ಹಾಕಿದ ಚೀಲದಲ್ಲೇ ಕಾಯುತ್ತಿತ್ತು. "ನಿಮ್ಮ ಗಂಗವ್ವ ಬಸ್ ತಪ್ಪಿಸಿಕೊಂಡಾಳ ನೋಡು" ಎಂದು ಅತ್ತಿ ಕಾಡಿಸುವಳು. "ಬರ್ತಾಳ ಬಿಡಕ್ಕಾ" ಅನ್ನುವಳು ಅವ್ವ.

ಆ ದಿನ ನಾನು ಸರ್ಟಿಫಿಕೇಟಿನ ಕೆಲಸಕ್ಕೆ ಸೇಡಂಗೆ ಹೋಗಿದ್ದೆ. ಬಿಸಿಲು ಚುರ್ ಅನ್ನುತ್ತಿತ್ತು, ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ. ಕಾಗದ ಸಿಗಲಿಲ್ಲ, ಘಟಿಕೋತ್ಸವ ಆಗಬೇಕು ಅಂದರು. ಮಾರ್ಕ್ಸ್ ಕಾರ್ಡು ಕೊಟ್ಟರು. ಅದನ್ನೇ ಅತ್ತಿಗೆ ತೋರಿಸೋಣ, ಸಣ್ಣದಾದರೂ ಸಿಕ್ಕಾ ಇದೆಯಲ್ಲ ಎಂದುಕೊಂಡು ಮಧ್ಯಾಹ್ನದ ಬಸ್ಸು ಹಿಡಿದೆ.

ನಮ್ಮೂರ ಕೆಳಗಿನ ಸೇತುವೆಗೆ ಬಂದಾಗ ಡ್ರೈವರ್ ಬಸ್ಸು ಮೆಲ್ಲಗೆ ಮಾಡಿದ. ಹೊಳಿ ತುಂಬಿ ಹರಿಯುತ್ತಿತ್ತು. ಕೆಂಪು ನೀರು, ದಂಡೆಯಿಂದ ದಂಡೆಗೆ, ನೊರೆ ಕಟ್ಟಿಕೊಂಡು. ಬಸ್ಸಿನ ಮಂದಿಯೆಲ್ಲ ಒಂದೇ ಬದಿಗೆ ಬಂದರು. "ಗಂಗವ್ವ ಬಂದ್ಲು! ಗಂಗವ್ವ ಬಂದ್ಲು!" ಯಾರೋ ಮುದುಕಿ ಕಿಟಕಿಯಿಂದ ಚಿಲ್ಲರೆ ಒಗೆದಳು. ಎಲ್ಲರೂ ಒಗೆದರು. ನಾನೂ ಒಗೆದು ಕೈ ಮುಗಿದೆ. ಅವ್ವ ಇಷ್ಟೊತ್ತಿಗೆ ಉಡಿ ತುಂಬಿರುತ್ತಾಳೆ ಅಂದುಕೊಂಡೆ. ಸಂತೋಷದಲ್ಲಿ ಕಣ್ಣು ತುಂಬಿತು. ಆಮೇಲೆ, ಮಳೆ ಎಲ್ಲಿ ಬಂತು ಎಂಬ ಪ್ರಶ್ನೆ ಬಂತು. ಆಕಾಶ ನೋಡಿದೆ. ಸರ್ ಹೇಳಿದ ತಂಬಿಗೆ ನೆನಪಾಯಿತು.

ಸ್ಟಾಪಿನಿಂದ ಓಡಿದೆ. ಓಣಿಯಲ್ಲಿ ಮಂದಿ ಗುಂಪು ನಿಂತಿತ್ತು, ನನ್ನ ಕಂಡು ದಾರಿ ಬಿಟ್ಟಿತು. ನೀರು ಗಂಗವ್ವನ ಕಲ್ಲಿನ ಕೆಳಕ್ಕೆ ಒಂದಾಳು ದೂರದಲ್ಲಿ ಹರಿಯುತ್ತಿತ್ತು. ಕಲ್ಲಿಗೆ ಒರಗಿ ಅತ್ತಿ ಕೂತಿದ್ದಳು. ಅವಳ ಪಕ್ಕದಲ್ಲಿ ಅವ್ವನ ಚಪ್ಪಲಿ.

"ಅತ್ತಿ, ಅವ್ವ ಎಲ್ಲಿ?"

ಅವಳು ನನ್ನ ಕಡೆ ನೋಡಲಿಲ್ಲ. ಕಲ್ಲಿನ ಕುಂಕುಮ ನೋಡುತ್ತಿದ್ದಳು.

ಅಪ್ಪ ವಾಡಿಯಿಂದ ಬಂದ. ಹೊಳಿ ಇಳಿದ ಮೇಲೆ ನಾನು ಮತ್ತು ಅವನು ದಂಡೆ ಹಿಡಿದು ಕೆಳಗೆ ಹೋದೆವು. ಮಳಖೇಡದಲ್ಲಿ ಕೋಟೆಯ ಬದಿಗೆ ಬಟ್ಟೆ ಒಗೆಯುವವರನ್ನು ಕೇಳಿದೆವು. ಬಣವೆ ಹೋದದ್ದು ನೋಡಿದೆವು, ಆಕಳು ಹೋದದ್ದು ನೋಡಿದೆವು, ಹೆಣ್ಣುಮಗಳನ್ನ ನೋಡಲಿಲ್ಲ ಅಂದರು. ಚಿತ್ತಾಪುರ ಕಡೆ ಹೋದೆವು. ಶಹಾಬಾದ್ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆವು. ಕಾಗಿಣಾ ಭೀಮೆಗೆ ಕೂಡುವಲ್ಲಿ ಅಪ್ಪ ಮರಳಿನಲ್ಲಿ ಕೂತುಬಿಟ್ಟ. "ಇನ್ನ ಮುಂದ ಭಾಳ ದೊಡ್ಡ ನೀರು" ಅಂದ, ಅಷ್ಟೇ. ವಾಪಸು ಬರುವಾಗ ಮಳಖೇಡದ ಹತ್ತಿರ ಜಾಲಿ ಕಂಟಿಯಲ್ಲಿ ನಮ್ಮ ಮೊರ ಸಿಕ್ಕಿಬಿದ್ದಿತ್ತು. ಅಂಚಿಗೆ ಅವ್ವ ಹೊಲಿದಿದ್ದ ಹಳದಿ ದಾರದಿಂದ ಗುರುತು ಹಿಡಿದೆ. ಮೊರ ಮುಳುಗಿರಲಿಲ್ಲ.

ಅತ್ತಿ ಅವ್ವನ ತಾಟು ತೊಳೆದು ಹಚ್ಚುವುದನ್ನು ಬಿಡಲಿಲ್ಲ. ರೊಟ್ಟಿ ಇಟ್ಟು ಬಟ್ಟೆ ಮುಚ್ಚುವಳು. "ಈಜು ಬರ್ತದ ಅಕಿಗೆ. ಎಲ್ಲ್ಯಾರ ದಂಡಿ ಹತ್ತಿರ್ತಾಳ" ಅನ್ನುವಳು. ಅಂದು ಏನಾಯಿತು ಎಂದು ಯಾರು ಕೇಳಿದರೂ ಎದ್ದು ಹೋಗುವಳು.

ನಾನು ತಾಲೂಕು ಕಚೇರಿಗೆ ತಿರುಗಲು ಶುರು ಮಾಡಿದೆ. ಅವ್ವ ನೀರಿನಲ್ಲಿ ಹೋದಳು ಎಂದು ಬರೆದು, ಸಿಕ್ಕಾ ಒತ್ತಿ ಕೊಡಬೇಕು, ಇಷ್ಟೇ ನನಗೆ ಬೇಕಾಗಿದ್ದದ್ದು. ಹೆಣ ಇಲ್ಲದೆ ಮರಣದ ಸರ್ಟಿಫಿಕೇಟ್ ಕೊಡಲಾಗದು ಅಂದರು. ಹೊಳಿ ಬಂದಿತ್ತು ಎಂದೆ. "ಆವತ್ತು ಮಳಿನೇ ಆಗಿಲ್ಲಲ್ಲವ್ವ, ಹೊಳಿ ಎಲ್ಲಿಂದ ಬರ್ತದ?" ಗೇಟು ಎತ್ತಿದ್ದರು ಎಂದೆ. ಅದನ್ನ ಡ್ಯಾಮಿನವರನ್ನ ಕೇಳು ಅಂದರು. ಅಲ್ಲಿಗೂ ಹೋದೆ. ಗುಡ್ಡದ ಆಚೆ ರಾತ್ರಿಯೆಲ್ಲ ಮಳೆ ಹೊಡೆದಿತ್ತು, ಕಟ್ಟೆ ಉಳಿಯಬೇಕಲ್ಲ, ಎತ್ತಿದೆವು ಅಂದರು. ಮೊದಲು ಹೇಳಬೇಕಿತ್ತಲ್ಲ ಎಂದೆ. ಗ್ರೂಪಿನಲ್ಲಿ ಹಾಕಿದ್ದನ್ನು ಫೋನ್ ತೆರೆದು ತೋರಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಮೆಸೇಜ್ ಇತ್ತು, ಕೆಳಗೆ ಯಾರೋ ಕೈಮುಗಿದ ಚಿತ್ರ ಹಾಕಿದ್ದರು. ಅವ್ವನ ಹತ್ತಿರ ಇದ್ದದ್ದು ಬಟನ್ ಫೋನು.

ಅಲ್ಲಿಂದ ಬರುವಾಗ ನನಗೆ ತಿಳಿದದ್ದು ಇಷ್ಟು. ಕಟ್ಟೆ ಒಡೆಯಲಿಲ್ಲ, ಮಳೆ ಬರಲಿಲ್ಲ, ಹೆಣ ಸಿಗಲಿಲ್ಲ. ಕಾಗದವೂ ಬರದಿದ್ದರೆ, ಆ ದಿನ ಏನೂ ಆಗಲೇ ಇಲ್ಲ ಎಂದಾಗುತ್ತದೆ. ಮುಂದಿನ ಸಲ ಗೇಟು ಎತ್ತುವಾಗ ಅವರ ಕೈ ಒಂದು ಗಳಿಗೆ ಸಹ ತಡೆಯುವುದಿಲ್ಲ.

ಕಚೇರಿಯವರು ಕೊನೆಗೆ ಒಂದು ದಾರಿ ಹೇಳಿದರು. ಕಣ್ಣಾರೆ ಕಂಡವರು ಬಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕು. ಕಂಡವಳು ಒಬ್ಬಳೇ.

"ನಾ ಒತ್ತಂಗಿಲ್ಲ. ಒತ್ತಿದ್ರ ಅಕಿ ಸತ್ತಂಗ" ಅಂದಳು ಅತ್ತಿ.

"ಒತ್ತಲಿಲ್ಲಂದ್ರ ಅಕಿ ಇದ್ದೇ ಇರಲಿಲ್ಲ ಅಂತ ಆಗ್ತದ ಅತ್ತಿ."

"ಡಿಗ್ರಿ ಮಾಡಿದಾಕಿ, ನೀನೇ ಬರಿ. ನನ್ನ ಬೆರಳು ಯಾಕ ಬೇಕು?"

ತಿಂಗಳುಗಟ್ಟಲೆ ಹೀಗೇ ನಡೆಯಿತು. ಅಪ್ಪ ಒಂದು ದಿನ ಅವಳ ಕಾಲು ಹಿಡಿದ. ಅಂದು ನಮ್ಮ ಜೊತೆ ಬಸ್ಸು ಹತ್ತಿದಳು, "ಹೊರಗ ಕೂಡ್ತೀನಿ, ಒಳಗ ಬರಂಗಿಲ್ಲ" ಎಂದು ಹೇಳಿಯೇ.

ಕಚೇರಿಯ ಗುಮಾಸ್ತ ಕೆಟ್ಟ ಮನುಷ್ಯನಲ್ಲ. ದಿನಾ ನನ್ನ ಮುಖ ನೋಡಿ ಬೇಸತ್ತಿದ್ದ. ಅಪ್ಪನನ್ನು ಕೂಡಿಸಿಕೊಂಡು ದನಿ ತಗ್ಗಿಸಿ ಕೇಳಿದ.

"ಬ್ಯಾಸರ ಮಾಡಕೋಬ್ಯಾಡ್ರಿ. ಮನ್ಯಾಗ ಏನರ ಜಗಳ ಆಗಿತ್ತೇನು? ಹೈದರಾಬಾದ್, ಪುಣೆ ಕಡಿ ಭಾಳ ಮಂದಿ ಹೋಗ್ತಾರ. ಎಲ್ಲ್ಯಾರ ಹೋಗಿರಬೇಕು ನೋಡ್ರಿ."

ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದ ಅತ್ತಿ ಎದ್ದು ಒಳಗೆ ಬಂದಳು. ಅವಳ ಸೆರಗು ಜಾರಿತ್ತು, ಸರಿ ಮಾಡಿಕೊಳ್ಳಲಿಲ್ಲ.

"ಅಕಿ ಓಡಿ ಹೋಗೋ ಹೆಣ್ಣಲ್ಲಪ್ಪಾ. ನೀರು ಓಡಿ ಬಂತು."

ಗುಮಾಸ್ತ ಪೆನ್ನು ಕೆಳಗಿಟ್ಟ. "ಕುಂದ್ರಬೇ" ಅಂದ. ಅವಳು ಕೂಡಲಿಲ್ಲ.

"ಬೆಳಿಗ್ಗಿ ಸಣ್ಣ ನೀರು ಬಂತು. ಕೆಂಪಂದು, ಎಲಿ, ಕಸ ತಗೊಂಡು. ಓಣಿಯವರೆಲ್ಲ ಹೊಸ ನೀರು ಅಂದ್ರು. ನಾನೂ ಅಂದೆ. ನಾ ಗಂಡ ಸತ್ತಾಕಿ, ಉಡಿ ಮುಟ್ಟಬಾರದು. ಕಲ್ಲಿನ ಹತ್ರ ಕುಂತೆ, ಅಕಿ ಇಳದ್ಲು. ಮೊರ ಬಿಟ್ಲು. ಬೆನ್ನು ತೋರಿಸಬ್ಯಾಡ ನೋಡು ತಂಗಿ ಅಂತ ನಾನೇ ಒದರಿ ಹೇಳಿದೆ. ನೀರು ಪಾದಕ್ಕಿತ್ತು. ನೋಡನೋಡ್ತ ಮೊಣಕಾಲಿಗೆ ಬಂತು. ಮ್ಯಾಲ ಬಾ ಅಂದೆ. ಅಕಿ ಏನಂದ್ಲು ಗೊತ್ತೇನು? ಅಕ್ಕಾ, ಮೊರ ಇನ್ನಾ ಕಾಣ್ಲಿಕತ್ತದ ಅಂದ್ಲು."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಗಿಡಾ ಮುರಿದಂಗ ಸಪ್ಪಳಾತು. ತಿರುವಿನ್ಯಾಗ ಗ್ವಾಡಿ ಬಂದಂಗ ಬಂತಪ್ಪಾ ನೀರು. ಅಕಿ ತಿರುಗಿ ನನ್ನ ನೋಡಿದ್ಲು. ಅಷ್ಟೇ."

ಗುಮಾಸ್ತ ಬಹಳ ಮೆಲ್ಲಗೆ, "ಮಳಿ ಇರಲಿಲ್ಲಲ್ಲಬೇ" ಅಂದ. ವಿಚಾರಣೆಯ ದನಿಯಲ್ಲ ಅದು. ಅವನಿಗೂ ಅರ್ಥವಾಗುತ್ತಿರಲಿಲ್ಲ.

"ಮಳಿ ಇದ್ರ ನಾವು ಇಳಿತಿದ್ವೇನೋ ತಮ್ಮಾ?"

ಅವನು ತಲೆ ಬಗ್ಗಿಸಿ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿದ. ಡ್ಯಾಮಿನಿಂದ ಬಿಟ್ಟ ನೀರು ಎಂಬ ಮಾತು ಅದರಲ್ಲಿ ಇರಲಿಲ್ಲ. ಅದನ್ನೂ ಬರೆಯಿರಿ ಎಂದು ನಾನು ನಿಂತೆ. ಮೇಲಿನವರು ಒಪ್ಪುವುದಿಲ್ಲ ಅಂದ. ನಾನು ಕೂಡಲಿಲ್ಲ, ಅತ್ತಿಯೂ ಕೂಡಲಿಲ್ಲ. ಕೊನೆಗೆ ಬರೆದ. ಅತ್ತಿ ಶಾಯಿಗೆ ಹೆಬ್ಬೆಟ್ಟು ಒತ್ತುವಾಗ ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಬಸ್ಸಿನಲ್ಲಿ ಊರು ಮುಟ್ಟುವ ತನಕ ಆ ಬೆರಳನ್ನು ಅವಳು ಸೆರಗಿಗೆ ತಿಕ್ಕುತ್ತಲೇ ಇದ್ದಳು. ಆ ರಾತ್ರಿ ಅವ್ವನ ತಾಟು ಹಚ್ಚಲಿಲ್ಲ.

ಇದರ ನಡುವೆ ಘಟಿಕೋತ್ಸವ ಆಗಿ ನನ್ನ ಡಿಗ್ರಿ ಸರ್ಟಿಫಿಕೇಟ್ ಬಂದಿತ್ತು. ಕಾಲೇಜಿನಿಂದ ತಂದು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೆ. ಅತ್ತಿ ಕೇಳಿರಲಿಲ್ಲ, ನಾನು ತೋರಿಸಿರಲಿಲ್ಲ. ಓಣಿಯಲ್ಲಿ ಯಾರಾದರೂ "ನೌಕರಿ ಏನಾತು?" ಎಂದು ಕೇಳಿದಾಗ ಮಾತ್ರ ಅದು ನೆನಪಾಗುತ್ತಿತ್ತು.

ಮರಣದ ಸರ್ಟಿಫಿಕೇಟ್ ತರಲು ಒಬ್ಬಳೇ ಹೋದೆ. ಗುಮಾಸ್ತ ಎದ್ದು ನಿಂತು ಕೊಟ್ಟ. ಹೆಸರು, ಊರು, ದಿನ. ಹೇಗೆ ಸತ್ತಳು ಎಂದು ಬರೆಯುವ ಜಾಗವೇ ಆ ಕಾಗದದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, ಅದು ಫೈಲಿನಲ್ಲಿ ಇರುತ್ತದೆ ಅಂದ. ಅತ್ತಿ ಹೇಳಿದ್ದೆಲ್ಲ ಯಾವುದೋ ಕಪಾಟಿನಲ್ಲಿದೆ. ಇರಲಿ. ಸತ್ತಳು ಅಂತಾದರೂ ಒಪ್ಪಿದರು. ಸೇತುವೆ ದಾಟುವಾಗ ಹೊಳಿ ನೋಡಿದೆ. ಒಣಗಿತ್ತು. ಗಂಗವ್ವನ ಕಲ್ಲಿನ ಕೆಳಗೆ ಯಾರೋ ಮತ್ತೆ ಬದನಿ ಹಚ್ಚಿದ್ದರು.

ಅತ್ತಿ ಒಲೆಯ ಮುಂದೆ ಇದ್ದಳು. "ತಂದ್ಯೇನು?" ಅಂದಳು. ಕೈ ಒರಸಿಕೊಂಡು ಚಾಚಿದಳು. ಕೊಟ್ಟೆ. ಮೂಲೆಯಲ್ಲಿದ್ದ ಸಿಕ್ಕಾದ ಮೇಲೆ ಹೆಬ್ಬೆಟ್ಟು ಆಡಿಸಿದಳು. ಸುಮಾರು ಹೊತ್ತು ಆಡಿಸಿದಳು.

"ನಿಂದೂ ತಾ."

ಟ್ರಂಕು ತೆಗೆದು ನನ್ನದನ್ನೂ ತಂದು ಕೈಯಲ್ಲಿಟ್ಟೆ. ಅದರ ಸಿಕ್ಕಾವನ್ನೂ ಮುಟ್ಟಿ ನೋಡಿದಳು. ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು, ಒಲೆಯ ಕಿಡಿ ಸಿಡಿಯದ ಹಾಗೆ ಸೆರಗು ಮುಚ್ಚಿದಳು.

"ಆಗಂಗಿಲ್ಲ ಅಂತ ಎರಡು ಮಾತು ಆಡಿದ್ದೆ. ಎರಡರಾಗ ಒಂದಾದ್ರೂ ಖರೇ ಆಗಬೇಕಿತ್ತವ್ವಾ."